ಮನೆಯೇ ಪ್ರಯೋಗಶಾಲೆ: ಗಿಟಾರಿನ ಪೆಟ್ಟಿಗೆಗೆ ಯಾವ ಸ್ಪೀಕರ್?



ಈ ತಿಂಗಳ ವಿಷಯ ಕೊಟ್ಟವರು ನಮ್ಮ ಶಾಲೆಯ ಪೋಷಕರೇ. ಶನಿವಾರ ತರಗತಿ ಮುಗಿಯುವ ತನಕ ಹೊರಗೆ ಕಾಯುತ್ತ ನಿಲ್ಲುವ ಅಪ್ಪ ಅಮ್ಮಂದಿರ ಗುಂಪಿನಲ್ಲಿ ಇತ್ತೀಚೆಗೆ ಒಂದೇ ಪ್ರಶ್ನೆ ಮೂರು ಬಾಯಲ್ಲಿ ಕೇಳಿಬಂತು. "ಮಗಳಿಗೆ ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ್ದಾಯಿತು. ಡಿಜಿಟಲ್ ಆಂಪ್ ಮಾಡೆಲರ್ ಅನ್ನುವ ಪೆಟ್ಟಿಗೆಯನ್ನೂ ತಂದದ್ದಾಯಿತು. ಈಗ ಅದಕ್ಕೊಂದು ಸ್ಪೀಕರ್ ಬೇಕಂತೆ. ಅಂಗಡಿಯಲ್ಲಿ ನಲವತ್ತು ಥರ ಇದೆ. ಯಾವುದನ್ನು ಕೊಳ್ಳುವುದು ಹೇಳಿ!"

ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಬೆಲೆಯಿಂದ ಶುರುವಾಗುತ್ತದೆ. ನಾವು ಮಕ್ಕಳಿಂದ ಶುರು ಮಾಡೋಣ. ಹೊಂದದ ಸ್ಪೀಕರ್ ಮನೆಗೆ ಬಂದರೆ ಏನಾಗುತ್ತದೆ? ಮೇಷ್ಟ್ರು ಹೇಳಿಕೊಟ್ಟದ್ದನ್ನೇ ಮಗು ನುಡಿಸುತ್ತದೆ, ಆದರೆ ಹೊರಗೆ ಬರುವ ನಾದ ಕರ್ಕಶವಾಗಿರುತ್ತದೆ, ಇಲ್ಲವೇ ಮಂಕಾಗಿರುತ್ತದೆ. ಹತ್ತು ಹನ್ನೆರಡು ವರ್ಷದ ಮಗುವಿಗೆ "ಸ್ಪೀಕರ್ ಸರಿಯಿಲ್ಲ" ಎಂದು ಹೊಳೆಯುವುದಿಲ್ಲ. "ನನಗೇ ಬರುವುದಿಲ್ಲ" ಎಂದುಕೊಳ್ಳುತ್ತದೆ. ಎರಡು ತಿಂಗಳಲ್ಲಿ ಗಿಟಾರ್ ಮೂಲೆ ಸೇರುತ್ತದೆ. ಅಲ್ಲಿಗೆ ಹೋದ ಯೂರೋಗಳಿಗಿಂತ ದೊಡ್ಡ ನಷ್ಟ ಅದು.

ಮಕ್ಕಳೇ, ಮೊದಲು ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಎಂದು ಇಣುಕಿ ನೋಡೋಣ. ಎಲೆಕ್ಟ್ರಿಕ್ ಗಿಟಾರಿನ ತಂತಿಯನ್ನು ಸುಮ್ಮನೆ ಮೀಟಿದರೆ ಬರುವುದು ಸೊಳ್ಳೆಯಷ್ಟು ಸದ್ದು. ಹಳೆಯ ಕ್ರಮದಲ್ಲಿ ಆ ಸದ್ದು ನಾಲ್ಕು ಮನೆ ದಾಟಿ ನಮ್ಮ ಕಿವಿಗೆ ಬರುತ್ತಿತ್ತು. ಮೊದಲು ಆಂಪ್ಲಿಫೈಯರಿನ ಮುಂಭಾಗ ಅದಕ್ಕೆ ಬಣ್ಣ ಕೊಡುತ್ತದೆ. ಹಿಂಭಾಗ ಅದಕ್ಕೆ ಬಲ ಕೊಡುತ್ತದೆ. ಆಮೇಲೆ ಮರದ ಪೆಟ್ಟಿಗೆಯಲ್ಲಿರುವ 12 ಇಂಚಿನ ಕಾಗದದ ಸ್ಪೀಕರ್ ಅದನ್ನು ಗಾಳಿಗೆ ಬಿಡುತ್ತದೆ. ಧ್ವನಿಮುದ್ರಣ ಮಾಡುವಾಗ ಆ ಸ್ಪೀಕರಿನ ಮೂತಿಗೆ ಒಂದು ಮೈಕ್ ಹಿಡಿಯುತ್ತಾರೆ. ನೀವು ಹಾಡುಗಳಲ್ಲಿ ಕೇಳುವ ಎಲೆಕ್ಟ್ರಿಕ್ ಗಿಟಾರಿನ ನಾದ ಬಹುಪಾಲು ಹೀಗೆ ನಾಲ್ಕು ಮನೆ ದಾಟಿ ಬಂದದ್ದು.

ಮಾಡೆಲರ್ ಈ ನಾಲ್ಕನ್ನೂ ಲೆಕ್ಕ ಹಾಕಿ ಅಣಕಿಸುವ ಒಂದು ಪುಟ್ಟ ಕಂಪ್ಯೂಟರ್. ಲೈನ್ 6 ಕಂಪನಿ 1998ರಲ್ಲಿ ಪಾಡ್ ಎಂಬ ಕೆಂಪು ಪೆಟ್ಟಿಗೆಯನ್ನು ತಂದಿತು. ಆಕಾರದಲ್ಲಿ ಥೇಟ್ ಅವರೆಬೀಜ. ಮನೆಮನೆಗೆ ಈ ವಿದ್ಯೆ ಹೊಕ್ಕದ್ದು ಅದರಿಂದ. ಆಮೇಲೆ 2010ರ ದಶಕದ ಆರಂಭದಲ್ಲಿ ನಮ್ಮ ಜರ್ಮನಿಯ ರೆಕ್ಲಿಂಗ್‌ಹೌಸನ್‌ನಿಂದಲೇ ಕೆಂಪರ್ ಬಂತು. ಅದು ನಿಜವಾದ ಆಂಪಿಗೆ ಪರೀಕ್ಷೆಯ ಸದ್ದುಗಳನ್ನು ಕಳಿಸಿ, ಬಂದ ಉತ್ತರವನ್ನು ಕೇಳಿ, ಆ ಆಂಪಿನ ಪಡಿಯಚ್ಚು ತೆಗೆಯುತ್ತದೆ. ಸ್ಪೀಕರ್ ಮತ್ತು ಮೈಕಿನ ಅಣಕಕ್ಕೂ ಇಂಥದೇ ಉಪಾಯ. ವಿಜಯಪುರದ ಗೋಳಗುಮ್ಮಟಕ್ಕೆ ಹೋದವರು ಅಲ್ಲಿ ಚಪ್ಪಾಳೆ ತಟ್ಟಿ ನೋಡಿರುತ್ತೀರಿ. ಒಂದು ಚಪ್ಪಾಳೆಗೆ ಕಟ್ಟಡ ಹಲವು ಬಾರಿ ಮಾರ್ದನಿ ಕೊಡುತ್ತದಲ್ಲ, ಅದು ಆ ಕಟ್ಟಡದ ಸಹಿ. ಹಾಗೆಯೇ ಒಂದು ಸ್ಪೀಕರ್ ಪೆಟ್ಟಿಗೆಗೂ ತನ್ನದೇ ಸಹಿ ಇರುತ್ತದೆ. ಅದನ್ನು ಅಳೆದು ಒಂದು ಕಡತದಲ್ಲಿ ಇಟ್ಟುಕೊಂಡರೆ ಯಾವ ಗಿಟಾರಿನ ಸದ್ದಿಗೂ ಆ ಸಹಿ ಹಾಕಿಸಬಹುದು. ಮಾಡೆಲರಿನ ಮೆನುವಿನಲ್ಲಿ ಐಆರ್ ಎಂದು ಕಾಣುವುದು ಇದೇ.

ಪೋಷಕರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ನೀವು ಈಗಾಗಲೇ ಕೊಂಡಿರುವ ಪೆಟ್ಟಿಗೆಯೊಳಗೆ ಒಂದು ಗಿಟಾರ್ ಸ್ಪೀಕರ್ ಇದೆ, ಲೆಕ್ಕದ ರೂಪದಲ್ಲಿ. ಹೊರಗೆ ಇಡುವ ಸ್ಪೀಕರ್ ತನ್ನದೇ ಬಣ್ಣ ಹಚ್ಚದೆ, ಒಳಗಿನದು ಹೇಳಿದ್ದನ್ನು ಇದ್ದಂತೆ ಒಪ್ಪಿಸಬೇಕು. ಈ ಒಂದು ಮಾತು ತಲೆಯಲ್ಲಿದ್ದರೆ ಆ ನಲವತ್ತು ಥರದಲ್ಲಿ ಮೂವತ್ತು ಅಲ್ಲೇ ಉದುರಿಹೋಗುತ್ತವೆ.

ಗಿಟಾರಿಗೆಂದೇ ಮಾಡಿದ ಸ್ಪೀಕರ್ ಒಂದು ವಿಚಿತ್ರ ಪ್ರಾಣಿ. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಸ್ ತನಕ ಕೇಳುತ್ತದೆ ಎನ್ನುತ್ತಾರೆ. ಗಿಟಾರ್ ಸ್ಪೀಕರ್ ಸುಮಾರು 5,000 ದಾಟುತ್ತಿದ್ದಂತೆ ಕೈಚೆಲ್ಲುತ್ತದೆ. ಅದೊಂದು ಕೊರತೆಯೆಂದು ತೋರಬಹುದು, ಆದರೆ ರಾಕ್ ಸಂಗೀತದ ಅರ್ಧ ಸೊಗಸು ಆ ಕೊರತೆಯಲ್ಲಿದೆ. ಆಂಪನ್ನು ಬಿಗಿಯಾಗಿ ಓಡಿಸಿ ನಾದವನ್ನು ಒರಟು ಮಾಡಿದಾಗ ಮೇಲಿನ ಸ್ತರದಲ್ಲಿ ಬೇಡದ ಕೆರೆತವೆಲ್ಲ ಹುಟ್ಟುತ್ತದೆ. ಕಾಗದದ ಸ್ಪೀಕರ್ ಅದನ್ನು ಸೋಸಿಬಿಡುತ್ತದೆ, ಕಾಫಿ ಫಿಲ್ಟರಿನಲ್ಲಿ ಚರಟ ಉಳಿದಂತೆ.

ಇದರಿಂದ ಎರಡು ಎಡವಟ್ಟುಗಳು ಆಗುತ್ತವೆ, ಎರಡನ್ನೂ ಮಕ್ಕಳೇ ಗುರುತಿಸಬಹುದು. ಮಾಡೆಲರಿನ ಒಳಗಿನ ಸ್ಪೀಕರ್ ಅಣಕವನ್ನು ಆರಿಸಿ, ಸಾಮಾನ್ಯ ಸ್ಪೀಕರಿಗೆ ಜೋಡಿಸಿದರೆ ಸೋಸುವವರೇ ಇರುವುದಿಲ್ಲ. ಡಬ್ಬದಲ್ಲಿ ಕಣಜ ಸಿಕ್ಕಿಹಾಕಿಕೊಂಡಂತೆ ಗೊಂಯ್ ಎನ್ನುತ್ತದೆ. ಅಣಕ ಚಾಲೂ ಇಟ್ಟುಕೊಂಡು ಹಳೆಯ ಗಿಟಾರ್ ಆಂಪಿನ ಮುಂದಿನ ತೂತಿಗೆ ಜೋಡಿಸಿದರೆ ಎರಡೆರಡು ಸಲ ಸೋಸಿದಂತಾಗಿ, ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂಕಾಗುತ್ತದೆ. ಯಾರಾದರೂ ಕೊಟ್ಟ ಹಳೆಯ ಆಂಪ್ ಮನೆಯಲ್ಲಿದ್ದರೆ ಅದನ್ನು ಎಸೆಯಬೇಕಿಲ್ಲ. ಹಿಂಭಾಗದಲ್ಲಿ ರಿಟರ್ನ್ ಎಂಬ ತೂತು ಇದೆಯೇ ನೋಡಿ. ಅಲ್ಲಿಗೆ ಜೋಡಿಸಿ, ಮಾಡೆಲರಿನಲ್ಲಿ ಸ್ಪೀಕರ್ ಅಣಕವನ್ನು ಆರಿಸಿದರೆ ಚೆನ್ನಾಗಿಯೇ ನುಡಿಯುತ್ತದೆ. ಹಣ ಉಳಿಯಿತು, ಹೊಸದೇನೂ ಬೇಡ.

ಊರಹಬ್ಬದಲ್ಲಿ ಕಂಬಕ್ಕೆ ಕಟ್ಟುವ ಹಾರ್ನ್ ಸ್ಪೀಕರ್ ನೆನಪಿದೆಯೇ? ಅದರಲ್ಲಿ ಯಾರು ಹಾಡಿದರೂ ಹಾರ್ನಿನದೇ ಧ್ವನಿ. ನಮಗೆ ಬೇಕಿರುವುದು ಅದರ ತದ್ವಿರುದ್ಧ. ಅಂಥ ಬಣ್ಣವಿಲ್ಲದ ಸ್ಪೀಕರುಗಳನ್ನು ಸ್ಟುಡಿಯೋ ಮಾನಿಟರ್ ಎಂದು ಮಾರುತ್ತಾರೆ. ಹಾಡು ಕೇಳುವ ಕೆಲವು ಸ್ಪೀಕರುಗಳು ಬೇಸ್ ಮತ್ತು ತಾರಸ್ತರವನ್ನು ಉಬ್ಬಿಸಿ ಖುಷಿಪಡಿಸುತ್ತವೆ. ಮಾನಿಟರ್ ಹಾಗೆ ಮುಖಸ್ತುತಿ ಮಾಡುವುದಿಲ್ಲ.

"ಮನೆಯಲ್ಲಿ ಒಳ್ಳೆಯ ಬ್ಲೂಟೂತ್ ಸ್ಪೀಕರ್ ಇದೆಯಲ್ಲ, ಅದೇ ಸಾಲದೇ?" ಇದು ಎಲ್ಲ ಅಪ್ಪಂದಿರ ಪ್ರಶ್ನೆ. ಹಾಡು ಕೇಳಲು ಸಾಕು, ನುಡಿಸಲು ಸಾಲದು. ಕಾರಣ ನಾದದ ಗುಣಕ್ಕಿಂತ ಅದರ ವಿಳಂಬ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು ಹೊರಟು ಸ್ಪೀಕರಿನಿಂದ ಹೊರಬರುವಷ್ಟರಲ್ಲಿ 150 ಮಿಲಿಸೆಕೆಂಡ್ ಕಳೆಯುವುದು ಮಾಮೂಲು. ಮಕ್ಕಳೇ, ಲೆಕ್ಕ ಹಾಕಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 150 ಮಿಲಿಸೆಕೆಂಡಿನಲ್ಲಿ ಎಷ್ಟು ದೂರ? ಐವತ್ತು ಮೀಟರಿಗೂ ಹೆಚ್ಚು. ಅಂದರೆ ನೀವು ಫುಟ್‌ಬಾಲ್ ಮೈದಾನದ ಈ ತುದಿಯಲ್ಲಿ ಕುಳಿತು ಮೀಟುತ್ತೀರಿ, ಸ್ಪೀಕರ್ ಮೈದಾನದ ಮಧ್ಯದ ಗೆರೆಯ ಮೇಲಿದೆ. ತಾಳ ನಿಲ್ಲುವುದಾದರೂ ಹೇಗೆ? ಅದೇ ಸ್ಪೀಕರಿಗೆ ತಂತಿ ಸಿಕ್ಕಿಸುವ ತೂತು ಇದ್ದರೆ ಒಮ್ಮೆ ಪ್ರಯತ್ನಿಸಿ ನೋಡಬಹುದು; ಕೆಲವು ತಂತಿಯಲ್ಲೂ ತಡಮಾಡುತ್ತವೆ, ಎರಡು ಸ್ವರ ನುಡಿಸಿದರೆ ಗೊತ್ತಾಗುತ್ತದೆ. ಹಾಲಿನಲ್ಲಿ ಹಳೆಯ ಸ್ಟೀರಿಯೋ ಇದ್ದರೆ ಅದರ ಆಕ್ಸ್ ತೂತಿಗೆ ತಂತಿಯಲ್ಲಿ ಜೋಡಿಸಿ, ಸದ್ದು ಕಡಿಮೆ ಇಟ್ಟು ಕೆಲವು ವಾರ ಓಡಿಸುವುದರಲ್ಲಿ ತಪ್ಪಿಲ್ಲ.

ಇನ್ನು ಹೆಡ್‌ಫೋನ್. ಹಣದ ಲೆಕ್ಕದಲ್ಲಿ ಅದಕ್ಕೆ ಸಾಟಿಯಿಲ್ಲ. ತಂತಿ ಇರುವ ಒಂದು ಸಾಧಾರಣ ಹೆಡ್‌ಫೋನ್ ಕೊಡುವ ಸ್ಪಷ್ಟತೆಯನ್ನು ಸ್ಪೀಕರಿನಲ್ಲಿ ಪಡೆಯಲು ಹಲವು ಪಟ್ಟು ಖರ್ಚು ಮಾಡಬೇಕು. ರಾತ್ರಿ ಹತ್ತರ ನಂತರ ಬೇರೆ ದಾರಿಯೂ ಇಲ್ಲ. ಆದರೂ ಅದೊಂದೇ ಸಾಕು ಎನ್ನುವವರ ಜೊತೆ ನನಗೆ ತಕರಾರಿದೆ. ಹೆಡ್‌ಫೋನ್ ಹಾಕಿ ನುಡಿಸುವ ಮಗು ಮನೆಯಿಂದ ಮಾಯವಾಗುತ್ತದೆ. ಸಂಗೀತ ಕಲಿಯುವ ಮಕ್ಕಳಿದ್ದ ಊರಿನ ಮನೆಗಳಲ್ಲಿ ಅಡುಗೆಮನೆಯಿಂದ ಅಜ್ಜಿ "ಶ್ರುತಿ ಸೇರಲಿಲ್ಲ ನೋಡೇ" ಎಂದು ಕೂಗುತ್ತಿದ್ದರು, ಒಗ್ಗರಣೆ ಹಾಕುತ್ತಲೇ. ಅಜ್ಜಿಗೆ ಸಂಗೀತದ ಪರೀಕ್ಷೆ ಪಾಸಾಗಿರಬೇಕೆಂದೇನೂ ಇರಲಿಲ್ಲ, ಕಿವಿ ಇತ್ತು ಅಷ್ಟೆ. ಇಲ್ಲಿ ವೀಸಾ ಸಿಕ್ಕಾಗ ಮೂರು ತಿಂಗಳು ಬಂದುಹೋಗುವ ಅಜ್ಜಿಗೆ ಮೊಮ್ಮಗಳು ಗಿಟಾರ್ ಕಲಿಯುತ್ತಿದ್ದಾಳೆ ಎಂಬುದು ಗೊತ್ತಾಗುವುದು ಮುಚ್ಚಿದ ಬಾಗಿಲಿನಿಂದ. ಕೇಳುವವರಿಲ್ಲದ ಅಭ್ಯಾಸ ಬೇಗ ಬತ್ತುತ್ತದೆ. ದಿನಕ್ಕೆ ಅರ್ಧ ಗಂಟೆಯಾದರೂ ಸ್ಪೀಕರಿನಲ್ಲಿ ನುಡಿಸಲಿ, ಬಾಗಿಲು ತೆರೆದಿರಲಿ. ತಪ್ಪುಗಳೂ ಮನೆಯವರಿಗೆ ಕೇಳಲಿ.

ಸರಿ, ಮಾನಿಟರ್ ಕೊಳ್ಳೋಣ ಎಂದು ಹೊರಟಿರಿ. ಎಷ್ಟು ಇಂಚಿನದು? ಗಿಟಾರಿನ ಅತಿ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಬರುವ ಸ್ವರ ಸುಮಾರು 82 ಹರ್ಟ್ಸ್. ಅದಕ್ಕಿಂತ ಕೆಳಗೆ ಸಾಮಾನ್ಯ ಶ್ರುತಿಯ ಗಿಟಾರಿಗೆ ಸ್ವರವೇ ಇಲ್ಲ. ಹಾಗಾಗಿ ಎದೆ ನಡುಗಿಸುವ ಸಬ್‌ವೂಫರ್ ನಮಗೆ ಬೇಡ. ಉದಾಹರಣೆಗೆ, ಬಹಳ ಕಡೆ ಕಾಣುವ ಯಮಹಾ ಎಚ್‌ಎಸ್5 ಎಂಬ 5 ಇಂಚಿನ ಮಾನಿಟರ್ ತೆಗೆದುಕೊಳ್ಳಿ. ಅದರ ವಿವರಪಟ್ಟಿಯಲ್ಲಿ ಎರಡು ಸಂಖ್ಯೆಗಳಿವೆ: 54 ಹರ್ಟ್ಸ್ ಮತ್ತು 74 ಹರ್ಟ್ಸ್. ಒಂದೇ ಸ್ಪೀಕರಿಗೆ ಎರಡು ಹೇಗೆ? 54ಕ್ಕೆ ಬರುವಷ್ಟರಲ್ಲಿ ಸದ್ದು 10 ಡೆಸಿಬೆಲ್ ಕುಸಿದಿರುತ್ತದೆ, 74ರಲ್ಲಿ ಕುಸಿತ ಬರೀ 3 ಡೆಸಿಬೆಲ್. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಮೊದಲನೆಯದನ್ನು. ನೀವು ನೋಡಬೇಕಾದ್ದು ಎರಡನೆಯದನ್ನು. 74 ಎಂದರೆ ನಮ್ಮ 82ಕ್ಕಿಂತ ಕೆಳಗೇ ಇದೆ, ನೆಮ್ಮದಿ. ಯಾವ ಕಂಪನಿಯದಾದರೂ ಮೈನಸ್ ಮೂರು ಡೆಸಿಬೆಲ್ ಎದುರು ಯಾವ ಸಂಖ್ಯೆ ಇದೆ ಎಂದು ಕೇಳಿ. ಅದನ್ನು ಬರೆಯದೇ ಇದ್ದರೆ ಅದೂ ಒಂದು ಉತ್ತರವೇ.

ಮೇಜು ಚಿಕ್ಕದು, ಹಣವೂ ಸ್ವಲ್ಪವೇ ಇದೆ ಎನ್ನುವವರು 3 ಅಥವಾ 4 ಇಂಚಿನ ಜೋಡಿಗೆ ಹೋಗಬಹುದು. ದಪ್ಪ ತಂತಿಯ ಸ್ವರ ಪೂರ್ತಿ ಬರುವುದಿಲ್ಲ, ನಿಜ. ಆದರೆ ಇಲ್ಲಿ ನಮ್ಮ ಮಿದುಳು ಒಂದು ಚಮತ್ಕಾರ ಮಾಡುತ್ತದೆ. ಫೋನಿನ ತಂಬೂರಿ ಆ್ಯಪ್ ಹಚ್ಚಿ ಹಾಡು ಅಭ್ಯಾಸ ಮಾಡುವ ಮಕ್ಕಳು ನಮ್ಮಲ್ಲಿ ಬಹಳ ಮಂದಿ. ಫೋನಿನ ಹುಣಸೆಬೀಜದಷ್ಟು ಸ್ಪೀಕರಿನಲ್ಲಿ ಮಂದ್ರ ಷಡ್ಜ ಇಲ್ಲವೇ ಇಲ್ಲ ಎನ್ನುವಷ್ಟು ಕ್ಷೀಣ. ಆದರೂ ನಿಮಗೆ ಅದು ಕೇಳುತ್ತದೆ, ಹೌದಲ್ಲವೇ? ಮೂಲ ಸ್ವರದ ಮೇಲೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಸ್ವರಾಂಶಗಳು ಬಂದರೆ ಸಾಕು, ಕೆಳಗಿನದನ್ನು ಮಿದುಳೇ ತುಂಬಿಕೊಳ್ಳುತ್ತದೆ. ಚಿಕ್ಕ ಮಾನಿಟರಿನಲ್ಲೂ ಸ್ವರ ತಪ್ಪುವುದಿಲ್ಲ, ಮೈತುಂಬುವುದಿಲ್ಲ ಅಷ್ಟೆ. ಅಭ್ಯಾಸಕ್ಕೆ ತೊಂದರೆಯಿಲ್ಲ. ನನ್ನನ್ನು ಕೇಳಿದರೆ, ಹನ್ನೆರಡು ಚದರ ಮೀಟರಿನ ಮಕ್ಕಳ ಕೋಣೆಗೆ 5 ಇಂಚಿನ ಜೋಡಿ ಹದವಾದದ್ದು. ಅದಕ್ಕಿಂತ ದೊಡ್ಡದು ಆ ಕೋಣೆಯಲ್ಲಿ ಗುಡುಗುವುದೇ ಹೆಚ್ಚು.

ಅಂಗಡಿಯಲ್ಲಿ ಇನ್ನೊಂದು ಜಾತಿಯನ್ನೂ ತೋರಿಸುತ್ತಾರೆ: ಎಫ್‌ಆರ್‌ಎಫ್‌ಆರ್ ಎನ್ನುವ 8, 10, 12 ಇಂಚಿನ ಕಪ್ಪು ಪೆಟ್ಟಿಗೆಗಳು. ಮಾಡೆಲರಿಗೆಂದೇ ಮಾಡಿದ್ದು, ಪೂರ್ಣ ಸ್ತರವನ್ನು ಸಮವಾಗಿ ನುಡಿಸುತ್ತದೆ ಎಂಬುದು ಹೆಸರಿನ ಅರ್ಥ. ಬ್ಯಾಂಡ್ ಕಟ್ಟಿ ಡ್ರಮ್ ಪಕ್ಕದಲ್ಲಿ ನಿಂತು ನುಡಿಸುವವರಿಗೆ ಅದು ಬೇಕೇ ಬೇಕು. ಮನೆಗೆ? ಅವು ಹಲವು ಮೀಟರ್ ದೂರಕ್ಕೆ ಸದ್ದು ಎಸೆಯಲು ಹುಟ್ಟಿದವು. ಒಂದು ಮೀಟರ್ ದೂರದಲ್ಲಿ ಕುಳಿತರೆ ಕೆಳಗಿನ ಕೋನ್ ಮತ್ತು ಮೇಲಿನ ಹಾರ್ನ್ ಬೇರೆಬೇರೆಯಾಗಿ ಮಾತಾಡುವಂತೆ ಕೇಳುವುದುಂಟು. ಹದಿನೈದು ದಾಟಿದ ಮಗ ಬ್ಯಾಂಡ್ ಸೇರಿದ್ದಾನೆ ಎಂದಾಗ ಅದರ ಮಾತಾಡೋಣ.

ಸಾವಿರ ವಾಟ್, ಎರಡು ಸಾವಿರ ವಾಟ್ ಎಂದು ಬರೆದದ್ದಕ್ಕೆ ಮರುಳಾಗಬೇಡಿ, ಹೆದರಲೂ ಬೇಡಿ. ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಎಂಬ ಪ್ರಸಿದ್ಧ ಗಿಟಾರ್ ಸ್ಪೀಕರ್ ಒಂದೇ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಕೂಗುತ್ತದೆ. ನಾವು ಎದುರುಬದುರು ಮಾತಾಡುವುದು 60ರ ಆಸುಪಾಸು. ಪ್ರತಿ 10 ಡೆಸಿಬೆಲ್ ಇಳಿಸಲು ಶಕ್ತಿಯನ್ನು ಹತ್ತನೆಯ ಒಂದು ಪಾಲಿಗೆ ಇಳಿಸಬೇಕು. ಹಾಗಾದರೆ 70 ಡೆಸಿಬೆಲಿನಲ್ಲಿ ನುಡಿಸಲು ಎಷ್ಟು ವಾಟ್ ಸಾಕು? ಮಕ್ಕಳೇ, ಹೇಳಿ ನೋಡೋಣ. ಸಾವಿರದ ಒಂದು ಭಾಗ! ಪುಟ್ಟ ಮಾನಿಟರುಗಳಿಗೆ ಇನ್ನಷ್ಟು ಬೇಕು, ಆದರೂ ಮನೆಯ ಅಭ್ಯಾಸವೆಲ್ಲ ಒಂದು ವಾಟಿನೊಳಗೇ ಮುಗಿಯುತ್ತದೆ. ದೊಡ್ಡ ಸಂಖ್ಯೆಗೆ ಕೊಡುವ ದುಡ್ಡಿನಲ್ಲಿ ಆರು ತಿಂಗಳ ಗಿಟಾರ್ ಪಾಠಕ್ಕಾಗಬಹುದು.

ಈಗ ನೆರೆಹೊರೆ. ನಮ್ಮಲ್ಲಿ ಹೆಚ್ಚಿನವರಿರುವುದು ಬಾಡಿಗೆ ಮನೆಗಳಲ್ಲಿ, ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಹೌಸ್‌ಓರ್ಡ್‌ನುಂಗ್ ಅಂಟಿಸಿರುತ್ತಾರೆ. ಭಾನುವಾರ ಒಗ್ಗರಣೆಯ ಸದ್ದಿಗೂ ಅಂಜುವ ನಮ್ಮ ಜನ "ಗಿಟಾರ್ ಅಂದರೆ ಜಗಳ ಖಂಡಿತ" ಎಂದು ಮಗುವಿನ ಕೈಕಟ್ಟಿಬಿಡುತ್ತಾರೆ. ಅಷ್ಟು ಹೆದರಬೇಕಿಲ್ಲ. ಆಗ್ಸ್‌ಬುರ್ಗ್‌ನಲ್ಲಿ ಒಬ್ಬ ಟ್ರಂಪೆಟ್ ವಾದಕರ ಅಭ್ಯಾಸದ ವಿರುದ್ಧ ಪಕ್ಕದ ಮನೆಯವರು ಹೂಡಿದ ಮೊಕದ್ದಮೆ ಬುಂಡೆಸ್‌ಗೆರಿಷ್ಟ್ಸ್‌ಹೋಫ್ ತನಕ ಹೋಗಿತ್ತು. 2018ರ ಅಕ್ಟೋಬರಿನಲ್ಲಿ ಬಂದ ತೀರ್ಪು ಮನೆಯ ಸಂಗೀತವನ್ನು ಪೂರ್ತಿ ನಿಷೇಧಿಸುವಂತಿಲ್ಲ ಎಂದಿತು. ಸ್ಥೂಲ ಅಳತೆಯಾಗಿ, ಮಧ್ಯಾಹ್ನದ ಮತ್ತು ರಾತ್ರಿಯ ವಿಶ್ರಾಂತಿ ವೇಳೆ ಬಿಟ್ಟು, ವಾರದ ದಿನಗಳಲ್ಲಿ ಎರಡು ಮೂರು ಗಂಟೆ, ಭಾನುವಾರ ಮತ್ತು ರಜಾದಿನಗಳಲ್ಲಿ ಒಂದೆರಡು ಗಂಟೆ ಎಂದು ಹೇಳಿತು. ವೃತ್ತಿಯವರಿಗೂ ಹವ್ಯಾಸಿಗಳಿಗೂ ಒಂದೇ ಅಳತೆ. ಪ್ರತಿ ಮನೆಯ ಸಂದರ್ಭ ಬೇರೆ, ನಿಮ್ಮ ಬಾಡಿಗೆ ಒಪ್ಪಂದವನ್ನು ಓದಿಕೊಳ್ಳಿ. ಟ್ರಂಪೆಟ್‌ಗೆ ಇಲ್ಲದ ಒಂದು ಭಾಗ್ಯ ನಮ್ಮ ಪೆಟ್ಟಿಗೆಗಿದೆ, ಸದ್ದು ತಗ್ಗಿಸುವ ಗುಬುಟು. ಅದನ್ನು ತ್ಸಿಮರ್‌ಲಾಟ್‌ಶ್ಟೆರ್ಕೆಗೆ, ಅಂದರೆ ಕೋಣೆಯ ಹೊರಗೆ ಹೆಚ್ಚು ಕೇಳದಷ್ಟಕ್ಕೆ ಇಳಿಸಿಕೊಂಡರೆ ಮುಕ್ಕಾಲು ಪಾಲು ಜಗಳ ಹುಟ್ಟುವುದೇ ಇಲ್ಲ. ಉಳಿದ ಕಾಲು ಭಾಗಕ್ಕೆ ಯುಗಾದಿಯ ದಿನ ಒಂದು ಡಬ್ಬಿ ಒಬ್ಬಟ್ಟು ಕೆಳಮನೆಗೆ ಕೊಟ್ಟುಬನ್ನಿ, ಮಗಳನ್ನೇ ಕಳಿಸಿ. ನುಡಿಸುವವರ ಮುಖ ಕಂಡ ಮೇಲೆ ಅದೇ ಸದ್ದು ಅರ್ಧ ಆಗುತ್ತದೆ.

ಕೆಳಮನೆಯವರಿಗೆ ತೊಂದರೆ ಕೊಡುವುದು ಬಹುಮಟ್ಟಿಗೆ ಕೆಳಸ್ತರದ ಸದ್ದು, ಅದೂ ಮೇಜಿನ ಮತ್ತು ನೆಲದ ಮೂಲಕ ಇಳಿಯುವಂಥದ್ದು. ಮಾನಿಟರನ್ನು ನೇರವಾಗಿ ಮೇಜಿನ ಮೇಲಿಟ್ಟರೆ ಮೇಜೇ ಇನ್ನೊಂದು ಸ್ಪೀಕರ್ ಆಗುತ್ತದೆ. ಹಳೆಯ ಯೋಗಾ ಚಾಪೆಯನ್ನು ಕತ್ತರಿಸಿ ಎರಡು ಮೂರು ಪದರ ಕೆಳಗಿಡಿ. ಅದಕ್ಕೆಂದೇ ಮಾಡಿದ ಫೋಮ್ ದಿಂಡು ಸಿಗುತ್ತದೆ, ಅದರ ಓರೆ ಮೇಲ್ಮೈಯಿಂದ ಸ್ಪೀಕರ್ ಮುಖ ಮೇಲೆತ್ತಿ ನಿಲ್ಲುವುದು ಇನ್ನೊಂದು ಲಾಭ.

ಕಿವಿಯ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೆಡ್‌ಫೋನಿನಂಥ ಸಾಧನಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಕೊಟ್ಟ ಮಾನದಂಡದಲ್ಲಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ವಾರಕ್ಕೆ 40 ಗಂಟೆ 75 ಡೆಸಿಬೆಲ್ ಎಂದಿದೆ. ಮೂರು ಡೆಸಿಬೆಲ್ ಏರಿಸಿದರೆ ಸಮಯ ಅರ್ಧ. 78ಕ್ಕೆ 20 ಗಂಟೆ, 81ಕ್ಕೆ 10 ಗಂಟೆ. ಹೀಗೇ ಹತ್ತುತ್ತ ಹೋಗಿ 93 ಮುಟ್ಟಿದರೆ ಇಡೀ ವಾರಕ್ಕೆ 40 ನಿಮಿಷವೂ ಉಳಿಯುವುದಿಲ್ಲ. ಮಕ್ಕಳೇ, ಹೆಡ್‌ಫೋನಿನಲ್ಲಿ ಸದ್ದು ಏರಿಸುವಾಗ ಈ ಮಗ್ಗಿ ನೆನಪಿರಲಿ. ಸ್ಪೀಕರಿನ ಸದ್ದನ್ನು ಫೋನಿನ ಡೆಸಿಬೆಲ್ ಆ್ಯಪಿನಲ್ಲಿ ಅಂದಾಜಾಗಿ ನೋಡಬಹುದು.

ಮೆಲ್ಲಗೆ ನುಡಿಸುವುದರಲ್ಲಿ ಒಂದು ತೊಡಕೂ ಇದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದಂತೆ, ಸದ್ದು ತಗ್ಗಿದಾಗ ನಮ್ಮ ಕಿವಿಗೆ ಕೆಳಸ್ತರ ಬೇಗ ಮಾಯವಾಗುತ್ತದೆ. ಮನೆಯಲ್ಲಿ ಮೆಲ್ಲಗೆ ಇಟ್ಟು "ಬೇಸ್ ಸಾಲದು" ಎಂದು ಗುಬುಟು ತಿರುಗಿಸುತ್ತಾ ಹೋದರೆ, ಅದೇ ಹೊಂದಾಣಿಕೆಯನ್ನು ನವೆಂಬರಿನ ರಾಜ್ಯೋತ್ಸವದ ವೇದಿಕೆಯಲ್ಲಿ ಜೋರಾಗಿ ಬಿಟ್ಟಾಗ ಸಭಾಂಗಣವೆಲ್ಲ ಗುಂಯ್ ಎನ್ನುತ್ತದೆ. ಆದ್ದರಿಂದ ಮನೆಗೊಂದು, ವೇದಿಕೆಗೊಂದು ಹೊಂದಾಣಿಕೆ ಉಳಿಸಿಡಿ. ವೇದಿಕೆಯದರಲ್ಲಿ ಬೇಸ್ ಸ್ವಲ್ಪ ಇಳಿಸಿ. ಉಳಿದಂತೆ ಚಿಂತೆಯಿಲ್ಲ. ವೇದಿಕೆಯ ಧ್ವನಿವರ್ಧಕವೂ ಪೂರ್ಣ ಸ್ತರದ್ದೇ ಆದ್ದರಿಂದ, ಮನೆಯಲ್ಲಿ ಮಾನಿಟರಿನಲ್ಲಿ ಕೇಳಿ ಹೊಂದಿಸಿದ ನಾದಕ್ಕೆ ಹತ್ತಿರದ ನಾದವೇ ಅಲ್ಲೂ ಬರುತ್ತದೆ. ಮಗು ಮೈಕಿನವರ ಕೈಗೆ ಒಂದು ತಂತಿ ಕೊಟ್ಟರೆ ಮುಗಿಯಿತು.

ಕೊಳ್ಳುವಾಗ ಕೆಲವು ಸಣ್ಣ ಸಂಗತಿ. ಜಾಲತಾಣದಲ್ಲಿ ಮಾನಿಟರಿನ ಬೆಲೆ ಬಹಳ ಸಲ ಒಂದಕ್ಕೆ ಮಾತ್ರ, ಚಿತ್ರದಲ್ಲಿ ಎರಡಿದ್ದರೂ. ಷ್ಟುಕ್ ಎಂದಿದೆಯೋ ಪಾರ್ ಎಂದಿದೆಯೋ ನೋಡಿ. ಆರಂಭಕ್ಕೆ ಒಂದೇ ಕೊಂಡರೂ ನಡೆಯುತ್ತದೆ, ಮಾಡೆಲರನ್ನು ಮೊನೋಗೆ ತಿರುಗಿಸಿಕೊಳ್ಳಿ. ಒಳಗೇ ಆಂಪ್ಲಿಫೈಯರ್ ಇರುವುದನ್ನೇ ಆರಿಸಿ. ತಂತಿಯಲ್ಲಿ ಸಿಮೆಟ್ರಿಶ್ ಎನ್ನುವ ಮೂರು ಎಳೆಯದನ್ನು ಎರಡೂ ಕಡೆಯ ತೂತುಗಳು ಒಪ್ಪಿದರೆ ಅದನ್ನೇ ತನ್ನಿ, ಗುಂಯ್‌ಗುಡುವ ಕರೆಂಟ್ ಸದ್ದು ಕಡಿಮೆಯಾಗುತ್ತದೆ. ಅಂಗಡಿಗೆ ಹೋಗುವುದಾದರೆ ಮಗುವಿನ ಗಿಟಾರನ್ನೂ ಮಾಡೆಲರನ್ನೂ ಹೊತ್ತುಕೊಂಡೇ ಹೋಗಿ. ಅಲ್ಲಿನ ದುಬಾರಿ ಗಿಟಾರಿನಲ್ಲಿ ಕೇಳಿದ್ದು ಮನೆಗೆ ಬರುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದಕ್ಕೆ ಹಿಂದಿರುಗಿಸಲು 14 ದಿನಗಳ ಹಕ್ಕಿದೆ, ಆ ಎರಡು ವಾರ ಮಗು ದಿನಾ ನುಡಿಸಲಿ. ಮಕ್ಕಳೇ, ಮಾನಿಟರನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚಿ, ಎಲ್ಲಕ್ಕಿಂತ ಮೊದಲು ಆರಿಸಿ, ಇಲ್ಲದಿದ್ದರೆ ಢಬ್ ಎಂದು ಬೆಚ್ಚಿಬೀಳಿಸುತ್ತದೆ.

ತಂದ ಮೇಲೆ ಎಲ್ಲಿಡುವುದು? ಮೂಲೆಯಲ್ಲಂತೂ ಬೇಡ. ಗೋಡೆಯ ಹತ್ತಿರ ಸರಿದಷ್ಟೂ ಕೆಳಸ್ತರ ಉಬ್ಬುತ್ತದೆ, ಎರಡು ಗೋಡೆ ಸೇರುವಲ್ಲಿ ಇನ್ನೂ ಹೆಚ್ಚು. ಗೋಡೆಯಿಂದ ಒಂದು ಮೊಳ ದೂರವಿರಲಿ. ಜಾಗವಿಲ್ಲ ಎಂದರೆ ಹಿಂಭಾಗದಲ್ಲಿ ಕೆಳಸ್ತರ ತಗ್ಗಿಸುವ ಸ್ವಿಚ್ ಇರುತ್ತದೆ, ಒತ್ತಿ. ಎರಡು ಸ್ಪೀಕರ್ ಮತ್ತು ನುಡಿಸುವವರ ತಲೆ ಸಮಭುಜ ತ್ರಿಕೋನವಾಗಲಿ, ಬದಿ ಒಂದು ಮೀಟರಿನಷ್ಟು. ಮೇಲಿನ ಚಿಕ್ಕ ಸ್ಪೀಕರ್ ಕಿವಿಯ ಎತ್ತರಕ್ಕಿರಲಿ. ಸ್ಪೀಕರ್ ಮೊಣಕಾಲಿನ ಮಟ್ಟದಲ್ಲಿ, ಮಗು ನಿಂತುಕೊಂಡು ನುಡಿಸುವುದು ಎಂದರೆ ಅರ್ಧ ನಾದ ಮಂಡಿಗೆ ಹೋಗುತ್ತದೆ!

ಇನ್ನು ಈ ತಿಂಗಳ ಪ್ರಯೋಗ. ಕೋಣೆಯ ಉದ್ದವನ್ನು ಟೇಪಿನಲ್ಲಿ ಅಳೆಯಿರಿ. 343ನ್ನು ಆ ಉದ್ದದಿಂದ ಭಾಗಿಸಿ. ಕೋಣೆ 3.5 ಮೀಟರ್ ಇದ್ದರೆ ಉತ್ತರ 98. ಗಿಟಾರಿನಲ್ಲಿ 98 ಹರ್ಟ್ಸ್ ಎಲ್ಲಿದೆ? ದಪ್ಪ ತಂತಿಯ ಮೂರನೇ ಫ್ರೆಟ್ಟಿನಲ್ಲಿ, ಜಿ ಸ್ವರ. ಮಾಡೆಲರಿನಲ್ಲಿ ಲೂಪರ್ ಇದ್ದರೆ ಆ ಸ್ವರವನ್ನು ಸುತ್ತಿ ಬಿಡಿ, ಇಲ್ಲದಿದ್ದರೆ ತಮ್ಮನನ್ನೋ ಅಕ್ಕನನ್ನೋ ಮೀಟುತ್ತಿರಲು ಹೇಳಿ. ಆಮೇಲೆ ಒಂದು ಗೋಡೆಯಿಂದ ಎದುರಿನ ಗೋಡೆಗೆ ನಿಧಾನವಾಗಿ ನಡೆಯಿರಿ. ಗೋಡೆಯ ಬುಡದಲ್ಲಿ ಜೋರಾಗಿ, ಕಾಲು ದಾರಿಯಲ್ಲಿ ಸಪ್ಪೆಯಾಗಿ, ನಡುಮಧ್ಯೆ ಮತ್ತೆ ಜೋರಾಗಿ ಕೇಳಬೇಕು. ಹೋಗುವ ಅಲೆ ಮತ್ತು ಗೋಡೆಗೆ ಬಡಿದು ಬರುವ ಅಲೆ ಒಂದರ ಮೇಲೊಂದು ಕೂತು ಹೀಗಾಗುತ್ತದೆ. ಕೋಣೆಯ ಅಗಲಕ್ಕೂ ಹೀಗೆಯೇ ಲೆಕ್ಕ ಹಾಕಬಹುದು. ಮಂಚ, ಪುಸ್ತಕದ ಕಪಾಟು, ಪರದೆಗಳಿಂದ ಫಲಿತಾಂಶ ಸ್ವಲ್ಪ ಹೆಚ್ಚುಕಡಿಮೆಯಾದೀತು. ಜೋರಾದ ಜಾಗದಲ್ಲಿ ಕುರ್ಚಿ ಇಟ್ಟು ಕೂತವರಿಗೆ ಅದೊಂದು ಸ್ವರ ಮಾತ್ರ ಯಾವಾಗಲೂ ಅಬ್ಬರಿಸುತ್ತಿರುತ್ತದೆ; ಕುರ್ಚಿಯನ್ನು ಒಂದೆರಡು ಗೇಣು ಸರಿಸಿ ನೋಡಿ.

ಕೋಣೆಯ ಉದ್ದ ಎಷ್ಟು, ಯಾವ ತಂತಿ, ಎಷ್ಟನೇ ಫ್ರೆಟ್ ಹೆಚ್ಚು ಅಬ್ಬರಿಸಿತು, ಈ ಮೂರನ್ನು ಕನ್ನಡದಲ್ಲೇ ಬರೆದು ತರಗತಿಗೆ ತನ್ನಿ. ಮುಂದಿನ ಸಂಚಿಕೆಯಲ್ಲಿ ಎಲ್ಲರ ಕೋಣೆಗಳ ಲೆಕ್ಕ ಹಾಕೋಣ. ಗಿಟಾರ್ ಇಲ್ಲದವರು ಫೋನಿನ ಟೋನ್ ಜನರೇಟರ್ ಆ್ಯಪನ್ನು ಮನೆಯ ಯಾವುದಾದರೂ ದೊಡ್ಡ ಸ್ಪೀಕರಿಗೆ ಜೋಡಿಸಿ ಮಾಡಬಹುದು.